ಶರೀಫರ ಪದಕ್ಕೆ ರಾಕ್ ಗಿಟಾರು: ರಘು ದೀಕ್ಷಿತ್ ಅವರ ಹಾಡಿನ ಹಾದಿ

ಕನ್ನಡದಲ್ಲಿ ರಾಕ್ ಸಂಗೀತ ಎಂದರೆ ಮೊದಲು ನೆನಪಾಗುವ ಹೆಸರು ರಘು ದೀಕ್ಷಿತ್. ಹಾಡು ಕಟ್ಟುವುದು, ಅದಕ್ಕೆ ರಾಗ ಹಾಕುವುದು, ಗಿಟಾರು ಹಿಡಿದು ತಾವೇ ನಿಂತು ಹಾಡುವುದು ಈ ಮೂರನ್ನೂ ವೃತ್ತಿಯಾಗಿ ನಡೆಸಿ, ಸಿನಿಮಾದ ಒಳಗೂ ಹೊರಗೂ ಹೆಸರು ಮಾಡಿದ ಕನ್ನಡ ಗಾಯಕರು ಬೆರಳೆಣಿಕೆಯಷ್ಟು. ಅವರಲ್ಲಿ ಇವರ ವೃತ್ತಿಜೀವನ ಹೆಚ್ಚು ದೂರ ಸಾಗಿದೆ. ಇಂಗ್ಲೆಂಡಿನ ಟಿವಿ ಕಾರ್ಯಕ್ರಮದಲ್ಲೂ ಕನ್ನಡ ಚಿತ್ರದಲ್ಲೂ ಕಾಲೇಜು ಉತ್ಸವದಲ್ಲೂ ಅವರು ಹಾಡುವ ರೀತಿ ಒಂದೇ. ಆದರೆ ಈ ಹಾದಿಯನ್ನು ಅವರೊಬ್ಬರೇ ಕಡಿದುಕೊಂಡದ್ದಲ್ಲ. ಅದರ ಅಡಿಪಾಯ ನೂರೈವತ್ತು ವರ್ಷ ಹಿಂದಿನ ತತ್ವಪದಗಳಲ್ಲಿದೆ.

ರಘು ದೀಕ್ಷಿತ್ 1974ರ ನವೆಂಬರ್ 11ರಂದು ಮಹಾರಾಷ್ಟ್ರದ ನಾಸಿಕದಲ್ಲಿ ಹುಟ್ಟಿದರು.   ದೀಕ್ಷಿತರು ಬೆಳೆದದ್ದು ಮಾತ್ರ ಮೈಸೂರಿನಲ್ಲಿ. ಭರತನಾಟ್ಯವನ್ನು ಶಾಸ್ತ್ರೋಕ್ತವಾಗಿ ಕಲಿತು ಅದರಲ್ಲಿ ವಿದ್ವತ್ ಪದವಿ ಪಡೆದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮೈಕ್ರೋಬಯಾಲಜಿ ಓದಿ ಸ್ನಾತಕೋತ್ತರ ಪದವಿಯನ್ನು ಚಿನ್ನದ ಪದಕದೊಂದಿಗೆ ಮುಗಿಸಿದರು.

ಗಿಟಾರು ಕೈಗೆ ಬಂದದ್ದು ಕಾಲೇಜಿನ ಒಂದು ಸವಾಲಿನಿಂದ. ಗಂಡುಹುಡುಗ ಭರತನಾಟ್ಯ ಆಡುವುದನ್ನು ಸಹಪಾಠಿಯೊಬ್ಬ ಗೇಲಿ ಮಾಡಿದಾಗ, ಗಿಟಾರು ಕಲಿತು ತೋರಿಸುತ್ತೇನೆಂದು ಪಂಥ ಕಟ್ಟಿ ಕೆಲವೇ ವಾರಗಳಲ್ಲಿ ಕಲಿತದ್ದನ್ನು ಅವರು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ನಾಟ್ಯವೂ ವ್ಯರ್ಥವಾಗಲಿಲ್ಲ. ವೇದಿಕೆಯ ಮೇಲೆ ಅವರು ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಹಾಡುತ್ತಾರೆ. ತಾಳಕ್ಕೆ ಹೆಜ್ಜೆ ಹಾಕಿದಾಗ ಗೆಜ್ಜೆಯ ಸದ್ದು ಡ್ರಮ್ಮಿನ ಜತೆ ಬೆರೆಯುತ್ತದೆ. ಜೀನ್ಸು, ಕಪ್ಪು ಟೀ ಶರ್ಟುಗಳೇ ರಾಕ್‌ನ ಸಮವಸ್ತ್ರವಾಗಿದ್ದ ಕಾಲದಲ್ಲಿ ಈ ವೇಷವೇ ಅವರ ಗುರುತಾಯಿತು.

ಓದಿನ ನಂತರ ಔಷಧ ತಯಾರಿಕೆಯ ಕ್ಷೇತ್ರದಲ್ಲಿ ಕೆಲಸ ಹಿಡಿದ ಅವರು ಆ ಕೆಲಸದ ಮೇಲೆ ಬೆಲ್ಜಿಯಂನಲ್ಲೂ ಇದ್ದರು. ಅಲ್ಲಿನ ಸ್ಥಳೀಯ ರೇಡಿಯೋದಲ್ಲಿ ಹಾಡುವ ಅವಕಾಶ ಸಿಕ್ಕಿತು. ಭಾಷೆ ತಿಳಿಯದ ಕೇಳುಗರೂ ಹಾಡನ್ನು ಮೆಚ್ಚಬಲ್ಲರು ಎಂಬುದು ಅಲ್ಲಿ ಖಚಿತವಾಗಿ, ಕೆಲಸ ಬಿಟ್ಟು ಸಂಗೀತವನ್ನೇ ನೆಚ್ಚಿಕೊಳ್ಳುವ ನಿರ್ಧಾರದೊಂದಿಗೆ ಬೆಂಗಳೂರಿಗೆ ಮರಳಿದರು.

ಆಗಿನ ಬೆಂಗಳೂರಿನಲ್ಲಿ ರಾಕ್‌ಗೆ ಕೊರತೆಯಿರಲಿಲ್ಲ. ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡ 1996ರಲ್ಲಿ, ಹೆವಿ ಮೆಟಲ್ ನುಡಿಸುವ ಕ್ರಿಪ್ಟೋಸ್ 1998ರಲ್ಲಿ ಹುಟ್ಟಿದ್ದವು. 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್ ತಂಡಗಳು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದು ಹೋದವು. ಈ ಲೋಕದ ಭಾಷೆ ಮಾತ್ರ ಬಹುತೇಕ ಇಂಗ್ಲಿಷ್. ಕನ್ನಡದ ಹುಡುಗರು ಗಿಟಾರು ಹಿಡಿದರೂ ಬಾಯಿಗೆ ಬರುತ್ತಿದ್ದದ್ದು ಲಂಡನ್ನು, ಲಾಸ್ ಏಂಜಲಿಸ್‌ಗಳ ಮಾತು.

ಕನ್ನಡದ ಹಾಡಿನ ಲೋಕ ಇದಕ್ಕೆ ಸಂಬಂಧವೇ ಇಲ್ಲದಂತೆ ಪಕ್ಕದಲ್ಲೇ ನಡೆದಿತ್ತು. ಅಲ್ಲಿ ಎರಡು ದೊಡ್ಡ ಹೊಳೆಗಳಿದ್ದವು: ಚಿತ್ರಗೀತೆ ಮತ್ತು ಸುಗಮ ಸಂಗೀತ. ಪಿ. ಕಾಳಿಂಗರಾಯರು ಹಾಕಿಕೊಟ್ಟ ದಾರಿಯಲ್ಲಿ ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಮೊದಲಾದವರು ಭಾವಗೀತೆಯನ್ನು ಮನೆಮನೆಗೆ ತಲುಪಿಸಿದರು. ನಿಸಾರ್ ಅಹಮದರ ಕವಿತೆಗಳಿಗೆ ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ 1978ರಲ್ಲಿ ಬಂದು ಹೊಸ ಮಾರುಕಟ್ಟೆಯನ್ನೇ ತೆರೆಯಿತು. ಈ ಪದ್ಧತಿಯಲ್ಲಿ ಕೆಲಸ ಹಂಚಿಹೋಗಿರುತ್ತದೆ. ಕವಿ ಬರೆಯುತ್ತಾನೆ, ಸಂಯೋಜಕ ರಾಗ ಹಾಕುತ್ತಾನೆ, ಗಾಯಕ ಹಾಡುತ್ತಾನೆ. ಬೇಂದ್ರೆ, ಕುವೆಂಪು, ಕೆ.ಎಸ್. ನರಸಿಂಹಸ್ವಾಮಿ ಅವರ ಸಾಲುಗಳು ಕೇಳುಗರಿಗೆ ಬಾಯಿಪಾಠವಾದದ್ದು ಬೇರೆಯವರ ದನಿಯಲ್ಲಿ. ಚಿತ್ರಗೀತೆಯಲ್ಲೂ ಇದೇ ಏರ್ಪಾಡು. ಅಲ್ಲಿ ತೆರೆಯ ಮೇಲೆ ತುಟಿ ಆಡಿಸುವ ನಾಲ್ಕನೆಯವನೂ ಸೇರಿಕೊಳ್ಳುತ್ತಾನೆ.

ಕಟ್ಟುವವನೇ ಹಾಡುವ ಪದ್ಧತಿ ಕನ್ನಡಕ್ಕೆ ಹೊಸದೇನೂ ಅಲ್ಲ. ಪುರಂದರದಾಸರು, ಕನಕದಾಸರು ತಾವು ಕಟ್ಟಿದ್ದನ್ನು ತಂಬೂರಿ ಹಿಡಿದು ಹಾಡಿದರು. ಅವರ ನಂತರ ಈ ಪರಂಪರೆಯನ್ನು ಉಳಿಸಿಕೊಂಡವರು ಉತ್ತರ ಕರ್ನಾಟಕದ ತತ್ವಪದಕಾರರು. ಭೀಮಾ ನದಿ ಪುಣೆ ಜಿಲ್ಲೆಯ ದೌಂಡ ಊರನ್ನು ಸವರಿಕೊಂಡು ಪೂರ್ವಕ್ಕೆ ಹರಿದು, ಸೊಲ್ಲಾಪುರ ಜಿಲ್ಲೆಯನ್ನು ದಾಟಿ ವಿಜಯಪುರ, ಕಲಬುರಗಿ, ಯಾದಗಿರಿಗಳ ನೆಲಕ್ಕೆ ಬರುತ್ತದೆ. ಮರಾಠಿ, ಕನ್ನಡ ಎರಡೂ ಬೆರೆತ ಈ ಸೀಮೆಯಲ್ಲಿ ಏಕತಾರಿ, ದಮ್ಮಡಿ, ತಾಳಗಳ ಭಜನೆಯ ಮೇಳ ಊರೂರಿನಲ್ಲೂ ಕಾಣುತ್ತಿತ್ತು. ಕಲಬುರಗಿ ಜಿಲ್ಲೆಯ ಕಡಕೋಳ ಮಡಿವಾಳಪ್ಪ, ಅವರ ಶಿಷ್ಯರಾದ ಚೆನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ತೆಲುಗಬಾಳ ರೇವಪ್ಪ ಇವರೆಲ್ಲ ತಾವೇ ಪದ ಕಟ್ಟಿ ತಾವೇ ಹಾಡಿದವರು. ಜಾತಿ, ಮತ ಯಾವುದನ್ನೂ ಈ ಗುರುಶಿಷ್ಯ ಬಳಗ ಎಣಿಸಲಿಲ್ಲ.

ಇದೇ ಪರಂಪರೆಯ ಅತಿ ಜನಪ್ರಿಯ ಹೆಸರು ಶಿಶುನಾಳ ಶರೀಫ. ಹಾವೇರಿ ಜಿಲ್ಲೆ ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳದಲ್ಲಿ 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶರೀಫರು ಕೆಲಕಾಲ ಶಾಲಾ ಮಾಸ್ತರರಾಗಿದ್ದವರು. ಕಳಸದ ಗೋವಿಂದಭಟ್ಟರು ಅವರ ಗುರು. ಮುಸಲ್ಮಾನ ಶಿಷ್ಯ, ಬ್ರಾಹ್ಮಣ ಗುರು ಎಂಬ ಜೋಡಿ ಆ ಸೀಮೆಯಲ್ಲಿ ದಂತಕಥೆಯಾಯಿತು. ಹುಕ್ಕಾ, ಸೋರುವ ಮಾಳಿಗೆ, ಕೋಳಿಯನ್ನು ನುಂಗುವ ಕೋಡಗ ಇಂಥ ದಿನಬಳಕೆಯ ಅಥವಾ ತಲೆಕೆಳಗಾದ ಚಿತ್ರಗಳ ಮೂಲಕ ದೇಹ, ಮಾಯೆ, ಗುರುಕೃಪೆಗಳನ್ನು ಹೇಳುವುದು ಶರೀಫರ ದಾರಿ. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ ಅವರ ದನಿಯಲ್ಲಿ ಈ ಪದಗಳು ನಗರಗಳಿಗೂ ಬಂದವು. 1990ರಲ್ಲಿ ಟಿ.ಎಸ್. ನಾಗಾಭರಣರು ನಿರ್ದೇಶಿಸಿ ಅಶ್ವತ್ಥ್ ಸಂಗೀತ ನೀಡಿದ ‘ಸಂತ ಶಿಶುನಾಳ ಶರೀಫ’ ಚಿತ್ರದ ನಂತರ ಶರೀಫರ ಪದ ಗೊತ್ತಿಲ್ಲದ ಕನ್ನಡಿಗ ಇಲ್ಲವೆನ್ನುವಂತಾಯಿತು. ರಘು ದೀಕ್ಷಿತ್ ಗಿಟಾರಿನ ಮೇಲೆ ಶರೀಫರನ್ನು ಎತ್ತಿಕೊಂಡಾಗ ಕೇಳುಗರಿಗೆ ಮಾತು ಮೊದಲೇ ಗೊತ್ತಿತ್ತು, ಹೊಸದಾಗಿದ್ದದ್ದು ನುಡಿಸಾಣಿಕೆ.

ಅವರ ಮೊದಲ ತಂಡ ‘ಅಂತರಾಗ್ನಿ’ 1990ರ ದಶಕದ ಕೊನೆಯಲ್ಲಿ ಹುಟ್ಟಿತು. ಕರ್ನಾಟಕ ಸಂಗೀತದ ಪಿಟೀಲು ವಿದ್ವಾಂಸ ಎಚ್.ಎನ್. ಭಾಸ್ಕರ್ ಅದರಲ್ಲಿ ಜತೆಗಾರರಾಗಿದ್ದರು. ಗಿಟಾರಿನ ಎದುರು ಪಿಟೀಲು ನಿಂತದ್ದು ಮುಂದೆ ದೀಕ್ಷಿತರ ಎಲ್ಲ ಸಂಗೀತಕ್ಕೂ ಬುನಾದಿಯಾಯಿತು. ರಾಕ್ ತಂಡದಲ್ಲಿ ಸಾಮಾನ್ಯವಾಗಿ ಮುಖ್ಯ ಗಿಟಾರು ವಹಿಸುವ ಪಾತ್ರವನ್ನು, ಅಂದರೆ ಹಾಡಿನ ಚರಣಗಳ ನಡುವೆ ರಾಗವನ್ನು ಬೆಳೆಸುವ ಕೆಲಸವನ್ನು, ಇಲ್ಲಿ ಪಿಟೀಲು ಮಾಡಿತು. ಅಂತರಾಗ್ನಿ ಹಲವು ವರ್ಷ ವೇದಿಕೆ ಏರಿದರೂ ಕೊನೆಗೆ ಚದುರಿತು. ಸಿನಿಮಾದ್ದಲ್ಲದ ಕನ್ನಡ, ಹಿಂದಿ ಹಾಡುಗಳನ್ನು ಹೊರತರಲು ರೆಕಾರ್ಡ್ ಕಂಪನಿಗಳು ಮುಂದೆ ಬರಲಿಲ್ಲ.

2005ರ ಹೊತ್ತಿಗೆ ‘ರಘು ದೀಕ್ಷಿತ್ ಪ್ರಾಜೆಕ್ಟ್’ ರೂಪುಗೊಂಡಿತು. ಸ್ಥಿರವಾದ ತಂಡದ ಬದಲು, ಸೇರಬಯಸುವ ಕಲಾವಿದರಿಗೆ ಬಾಗಿಲು ತೆರೆದಿಟ್ಟ ಕೂಟ ಇದು. ಬಾಸ್ ಗಿಟಾರಿನ ಗೌರವ್ ವಾಜ್, ಗಿಟಾರಿನ ವಿಜಯ್ ಜೋಸೆಫ್ ಮೊದಲಾದವರು ಅದರಲ್ಲಿ ನುಡಿಸಿದರು. ಪಿಟೀಲು, ಕೊಳಲು, ಡ್ರಮ್ಮುಗಳಿಗೆ ಕಾಲಕಾಲಕ್ಕೆ ಬೇರೆ ಬೇರೆಯವರು ಬಂದು ಹೋದರು. ಜನ ಬದಲಾದರೂ ಹಾಡು ನಿಲ್ಲದಂತೆ ನೋಡಿಕೊಳ್ಳುವ ಈ ಏರ್ಪಾಡು ಒಂದು ತಂಡ ಒಡೆದ ಅನುಭವದಿಂದ ಬಂದದ್ದು.

ತಿರುವು ಸಿಕ್ಕಿದ್ದು ಮುಂಬೈನಲ್ಲಿ. ಅಲ್ಲಿನ ಕಾರ್ಯಕ್ರಮವೊಂದರಲ್ಲಿ ಅವರ ಹಾಡು ಕೇಳಿದ ಹಿಂದಿ ಚಿತ್ರಸಂಗೀತದ ವಿಶಾಲ್-ಶೇಖರ್ ಜೋಡಿ ತಮ್ಮ ‘ಕೌಂಟರ್ ಕಲ್ಚರ್ ರೆಕಾರ್ಡ್ಸ್’ ಮೂಲಕ ಆಲ್ಬಂ ಹೊರತರಲು ಮುಂದಾಯಿತು. ಎಂಟು ಹಾಡುಗಳ ಆ ಮೊದಲ ಆಲ್ಬಂನಲ್ಲಿ ಹಿಂದಿ, ಕನ್ನಡ, ಇಂಗ್ಲಿಷ್ ಮೂರೂ ಇದ್ದವು. ‘ಮೈಸೂರ್ ಸೆ ಆಯೀ’, ‘ಹೇ ಭಗವಾನ್’, ‘ಖಿಡ್ಕಿ’ ಹಿಂದಿಯವು. ಕನ್ನಡದ ಎರಡೂ ಹಾಡು ಶರೀಫರವು: ಸೋರುವ ಮಾಳಿಗೆಯದು ಒಂದು, ಗುಡುಗುಡಿಯದು ಇನ್ನೊಂದು. ಸಿನಿಮಾದ ಆಸರೆಯಿಲ್ಲದೆ ಬಂದ ಆಲ್ಬಂ 2008ರ ಹೊತ್ತಿಗೆ ದೇಶದ ಕಾಲೇಜುಗಳಲ್ಲೆಲ್ಲ ಕೇಳತೊಡಗಿತ್ತು.

ತತ್ವಪದ ರಾಕ್‌ಗೆ ಹೇಗೆ ಒಗ್ಗಿತು ಎಂಬುದಕ್ಕೆ ಈ ಎರಡು ಹಾಡುಗಳೇ ಉತ್ತರ. ತತ್ವಪದದಲ್ಲಿ ಪಲ್ಲವಿ ಗಿಡ್ಡ. ಪ್ರತಿ ಚರಣ ಮುಗಿದ ಮೇಲೂ ಮೇಳದವರೆಲ್ಲ ಕೂಡಿ ಅದನ್ನು ಎತ್ತಿಕೊಳ್ಳುತ್ತಾರೆ. ಒಬ್ಬ ಮುಂದೆ ಹಾಡಿ, ಉಳಿದವರು ಹಿಂದೆ ಹೇಳುವ ಈ ಕಟ್ಟು ರಾಕ್ ಕಛೇರಿಯ ಕಟ್ಟೂ ಹೌದು; ಅಲ್ಲಿ ಹಿಂದೆ ಹೇಳುವ ಮೇಳವೆಂದರೆ ಮೈದಾನದ ಜನ. ಏಕತಾರಿ ಒಂದೇ ಸ್ವರವನ್ನು ಬಿಡದೆ ಮಿಡಿಯುವ ಜಾಗದಲ್ಲಿ ಗಿಟಾರು ಒಂದೆರಡು ಕಾರ್ಡುಗಳಲ್ಲೇ ನಿಲ್ಲುತ್ತದೆ. ಕಾರ್ಡುಗಳು ಹೆಚ್ಚಾದರೆ ಪದದ ನಡೆ ಕೆಡುತ್ತದೆ, ಆದ್ದರಿಂದ ಗಿಟಾರಿನ ಶಕ್ತಿಯೆಲ್ಲ ಲಯಕ್ಕೆ ಹೋಗುತ್ತದೆ. ಗುಡುಗುಡಿಯ ಪದದಲ್ಲಿ ಹುಕ್ಕಾ ಹೊತ್ತಿಸಿ ಸೇದುವ ಒಂದೊಂದು ಹಂತವೂ ಸಾಧನೆಯ ಒಂದೊಂದು ಹಂತ. ಕೊನೆಯ ಚರಣದಲ್ಲಿ ಶಿಶುನಾಳಧೀಶನ ಅಂಕಿತ ಬರುವವರೆಗೆ ಪದ ಏರುತ್ತಲೇ ಹೋಗುತ್ತದೆ. ಈ ಏರಿಕೆ ರಾಕ್ ಸಂಗೀತಗಾರನಿಗೆ ಸಿದ್ಧವಾಗಿ ದೊರೆತ ಬುತ್ತಿ. ಅಶ್ವತ್ಥರು ಇದೇ ಪದಗಳನ್ನು ತಾರಸ್ಥಾಯಿಯ ಕಂಠಬಲದಿಂದ ಏರಿಸಿದರೆ, ದೀಕ್ಷಿತರು ತಾಳದ ಒತ್ತಿನಿಂದ ಏರಿಸುತ್ತಾರೆ.

ಇದರ ವಿರುದ್ಧ ಆಕ್ಷೇಪವೂ ಇದೆ. ಕುಣಿಯುವ ಜನಕ್ಕೆ ಪದದ ಒಳಗಿನ ವೈರಾಗ್ಯ ಕೇಳುವುದೆಲ್ಲಿ ಎಂಬುದು ಅದರ ಸಾರ. ಆದರೆ ಭಜನೆಯ ಮೇಳದಲ್ಲೂ ಜನ ಕುಣಿದೇ ಹಾಡಿದ್ದಾರೆ. ಶರೀಫರು ಒಗಟಿನ ಚಿತ್ರಗಳನ್ನು ಬಳಸಿದ್ದು ಹಾಡು ಮೊದಲು ನಾಲಗೆಗೆ ಹತ್ತಲಿ, ಅರ್ಥ ಆಮೇಲೆ ಬರಲಿ ಎಂಬಂತಿದೆ. ಆಕ್ಷೇಪಕ್ಕೆ ಹುರುಳಿರುವುದು ಇನ್ನೊಂದು ಕಡೆ: ಮೈದಾನದ ಕಛೇರಿಯಲ್ಲಿ ನಾಲ್ಕೈದು ಪದಗಳಷ್ಟೇ ಮತ್ತೆ ಮತ್ತೆ ಬರುತ್ತವೆ, ಶರೀಫರ ಉಳಿದ ರಚನೆಗಳೂ ಮಡಿವಾಳಪ್ಪನವರ ಬಳಗವೂ ಹೊರಗೇ ಉಳಿಯುತ್ತವೆ.

ಆಲ್ಬಂ ಬಂದ ಕಾಲಕ್ಕೇ ಕನ್ನಡ ಸಿನಿಮಾವೂ ಕರೆಯಿತು. 2008ರ ‘ಸೈಕೋ’ ಚಿತ್ರಕ್ಕೆ ಅವರು ಸಂಗೀತ ನೀಡಿದರು. ಅದರಲ್ಲಿ ಮಲೆ ಮಹದೇಶ್ವರನ ಕುರಿತ ಹಾಡು ಚಿತ್ರವನ್ನೂ ಮೀರಿ ಬೆಳೆಯಿತು. ಚಾಮರಾಜನಗರ ಜಿಲ್ಲೆಯ ಮಹದೇಶ್ವರ ಬೆಟ್ಟದ ಸುತ್ತ ದೇವರ ಗುಡ್ಡರು ಕಂಚಿನ ಕಂಸಾಳೆ ಬೀಸಿ ಹಾಡುವ ಪರಂಪರೆ ಮೈಸೂರು ಸೀಮೆಯಲ್ಲಿ ಬೆಳೆದವರಿಗೆಲ್ಲ ಕಿವಿಯಲ್ಲಿ ಕೂತದ್ದು. ಆ ಲಯ ಇಂದಿನ ಪ್ರೇಮಕಥೆಯೊಂದರ ಒಳಕ್ಕೆ ಬಂದು ಜಾತ್ರೆ, ಗಣೇಶೋತ್ಸವ, ಆರ್ಕೆಸ್ಟ್ರಾಗಳಿಗೆ ಹರಡಿತು. ಸುದೀಪ್ ನಿರ್ದೇಶಿಸಿ ನಟಿಸಿದ ‘ಜಸ್ಟ್ ಮಾತ್ ಮಾತಲ್ಲಿ’ 2010ರಲ್ಲಿ ಬಂತು. ಹಿಂದಿಯಲ್ಲಿ ‘ಮುಝ್‌ಸೆ ಫ್ರೆಂಡ್‌ಶಿಪ್ ಕರೋಗೆ’ (2011), ‘ಬೇವಕೂಫಿಯಾಂ’ (2014) ಚಿತ್ರಗಳಿಗೂ ದೀಕ್ಷಿತರದೇ ಸಂಗೀತ.

ಹೊರದೇಶದ ಮನ್ನಣೆ 2010ರಲ್ಲಿ ಬಂತು. ಬಿಬಿಸಿ ಟಿವಿಯ ‘ಲೇಟರ್ ವಿತ್ ಜೂಲ್ಸ್ ಹಾಲಂಡ್’ ಬ್ರಿಟನ್ನಿನಲ್ಲಿ ಸಂಗೀತಗಾರರು ಹಾತೊರೆಯುವ ವೇದಿಕೆ. ಅಲ್ಲಿ ಹಾಡಿದ ಬೆನ್ನಿಗೆ ಅವರ ಆಲ್ಬಂ ಐಟ್ಯೂನ್ಸ್‌ನ ಬ್ರಿಟಿಷ್ ವಿಶ್ವಸಂಗೀತ ಪಟ್ಟಿಯ ತುದಿ ಮುಟ್ಟಿತು. 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿದರು. ಅದೇ ವರ್ಷ ವಿಶ್ವಸಂಗೀತಕ್ಕೇ ಮೀಸಲಾದ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಪ್ರತಿಭೆ ಪ್ರಶಸ್ತಿ ಅವರಿಗೆ ಸಂದಿತು. ಹೊಸ ಪ್ರತಿಭೆ ಎನಿಸಿಕೊಂಡಾಗ ಅವರು ವೇದಿಕೆ ಏರಿ ಹತ್ತು ವರ್ಷದ ಮೇಲಾಗಿತ್ತು.

ಇಂಥ ತಡ ಏಕಾಗುತ್ತದೆ ಎಂಬುದಕ್ಕೆ ಕೆನಡಾದ ಉದಾಹರಣೆ ಬೆಳಕು ಚೆಲ್ಲುತ್ತದೆ. ದೊಡ್ಡ ನೆರೆಯ ಪಕ್ಕದಲ್ಲಿರುವ ಸಣ್ಣ ಮಾರುಕಟ್ಟೆ ಅದು. ಅಮೆರಿಕದ ಹಾಡುಗಳು ಕೆನಡಾದ ರೇಡಿಯೋವನ್ನು ತುಂಬಿಬಿಡುತ್ತಿದ್ದ ಕಾಲದಲ್ಲಿ ಅಲ್ಲಿನ ಹಾಡುಗಾರರು ಗಡಿ ದಾಟಲೇಬೇಕಿತ್ತು. ಟೊರಾಂಟೊದಲ್ಲಿ ಹುಟ್ಟಿ ವಿನಿಪೆಗ್‌ನಲ್ಲಿ ತಂಡ ಕಟ್ಟಿದ ನೀಲ್ ಯಂಗ್ 1966ರಲ್ಲಿ ಹಳೆಯ ಶವವಾಹನವೊಂದನ್ನು ಓಡಿಸಿಕೊಂಡು ಲಾಸ್ ಏಂಜಲಿಸ್‌ಗೆ ಹೋದರು. ಹೆಸರು ಮಾಡಿದ್ದು ಅಲ್ಲೇ. ಜೋನಿ ಮಿಚೆಲ್ ಕೂಡ ಅದೇ ದಾರಿ ಹಿಡಿದರು. 1971ರಲ್ಲಿ ಕೆನಡಾ ಒಂದು ನಿಯಮ ತಂದಿತು: ರೇಡಿಯೋ ನಿಲಯಗಳು ಪ್ರಸಾರ ಮಾಡುವ ಹಾಡುಗಳಲ್ಲಿ ನೂರಕ್ಕೆ 30ರಷ್ಟು ಕೆನಡಾದವೇ ಆಗಿರಬೇಕು. ಸಂಗೀತ, ಗಾಯಕ, ನಿರ್ಮಾಣ, ಸಾಹಿತ್ಯ ಈ ನಾಲ್ಕರಲ್ಲಿ ಎರಡಾದರೂ ಕೆನಡಾದವರದಾಗಿದ್ದರೆ ಮಾತ್ರ ಹಾಡು ಕೆನಡಾದ್ದು ಎಂಬ ಲೆಕ್ಕ ಹಾಕಲಾಯಿತು.

ಒಂಟಾರಿಯೊದ ಕಿಂಗ್‌ಸ್ಟನ್‌ನಲ್ಲಿ 1959ರಲ್ಲಿ ಹುಟ್ಟಿದ ರಾಕ್ ಗಾಯಕ ಬ್ರಯನ್ ಆಡಮ್ಸ್ ಬೆಳೆದದ್ದು ಈ ನಿಯಮದ ಕಾಲದಲ್ಲಿ. ಅದೇ ನಿಯಮ ಅವರಿಗೆ ತೊಡಕೂ ಆಯಿತು. 1991ರ ಅವರ ಆಲ್ಬಂನ ಹಾಡುಗಳನ್ನು ಹೊರದೇಶದ ನಿರ್ಮಾಪಕ ಮಟ್ ಲ್ಯಾಂಗ್ ಜತೆ ಬರೆದಿದ್ದರಿಂದ ಅವು ಕೆನಡಾದ ಹಾಡುಗಳೇ ಅಲ್ಲವೆಂದು ತೀರ್ಮಾನವಾಯಿತು. ಆ ಆಲ್ಬಂನ ಒಂದು ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ ಸತತ 16 ವಾರ ಮೊದಲ ಸ್ಥಾನದಲ್ಲಿತ್ತು. ಗದ್ದಲವೆದ್ದು 1993ರಲ್ಲಿ ನಿಯಮ ಸಡಿಲವಾಯಿತು. ನಗೆಪಾಟಲಿಗೆ ಈಡಾದರೂ ಈ ಕಾನೂನು ಒಂದು ಕೆಲಸ ಮಾಡಿತು: ಊರಲ್ಲೇ ಇದ್ದು ಹಾಡಿ ಬದುಕುವ ರಾಕ್ ಗಾಯಕರ ತಲೆಮಾರನ್ನು ಅದು ಸಾಕಿತು.

ಕನ್ನಡದ ಹಾಡುಗಾರನಿಗೆ ಇಂಥ ಕಾನೂನಿನ ಊರುಗೋಲು ಇರಲಿಲ್ಲ. ಆಕಾಶವಾಣಿ ಸುಗಮ ಸಂಗೀತಕ್ಕೆ ಕೊಟ್ಟ ಸಮಯದಲ್ಲಿ ಗಿಟಾರಿನ ತಂಡಕ್ಕೆ ಜಾಗ ಕಡಿಮೆ. 2001ರಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ‘ರೇಡಿಯೋ ಸಿಟಿ’ ಶುರುವಾದರೂ ಎಫ್‌ಎಂನ ಹೊಟ್ಟೆ ತುಂಬಿಸಿದ್ದು ಚಿತ್ರಗೀತೆ. ಸಿನಿಮಾದ್ದಲ್ಲದ ಹಾಡಿಗೆ ಇಷ್ಟು ಪಾಲು ಎಂಬ ಕಟ್ಟಳೆ ಇಲ್ಲಿ ಹುಟ್ಟಲಿಲ್ಲ. ಹೀಗಾಗಿ ಕನ್ನಡ ರಾಕ್ ಮೂರು ಕಡೆಯಿಂದ ಆಸರೆ ಪಡೆಯಬೇಕಾಯಿತು. ಮಾತನ್ನು ತತ್ವಪದ ಕೊಟ್ಟಿತು, ಅನ್ನವನ್ನು ಸಿನಿಮಾ ಕೊಟ್ಟಿತು, ಮರ್ಯಾದೆಯನ್ನು ಹೊರದೇಶ ಕೊಟ್ಟಿತು. ರಘು ದೀಕ್ಷಿತ್ ಮೂರನ್ನೂ ಜೋಡಿಸಿಕೊಂಡದ್ದರಿಂದ ಉಳಿದರು.

ಎರಡನೆಯ ಆಲ್ಬಂ ‘ಜಗ್ ಚಂಗಾ’ 2013ರಲ್ಲಿ ಬಂತು. ಅದರಲ್ಲೂ ಶರೀಫರಿಗೆ ಪಾಲಿತ್ತು: ಕೋಡಗ ಕೋಳಿಯನ್ನು ನುಂಗುವ ಪದ ಮತ್ತು ಲೋಕದ ಕಾಳಜಿಯ ಪದ. ಮೊದಲ ಆಲ್ಬಂಗಿಂತ ಇಲ್ಲಿ ವಾದ್ಯಗಳ ಹರವು ಹೆಚ್ಚು, ನುಡಿಸಾಣಿಕೆ ಹೆಚ್ಚು ನಯ. ಎರಡು ಆಲ್ಬಂಗಳ ನಡುವೆ ಕಳೆದ ವರ್ಷಗಳು ಸ್ವತಂತ್ರ ಹಾಡುಗಾರನ ಜೀವನ ಹೇಗೆ ಸಾಗುತ್ತದೆಂದು ಹೇಳುತ್ತವೆ. ಆದಾಯ ಆಲ್ಬಂನಿಂದಲ್ಲ, ಕಛೇರಿಗಳಿಂದ. ಊರೂರು ತಿರುಗುವವನಿಗೆ ಸ್ಟುಡಿಯೋದಲ್ಲಿ ಕೂರಲು ಪುರುಸೊತ್ತಿಲ್ಲ.

ನಂತರ ಕನ್ನಡದಲ್ಲಿ ‘ಹ್ಯಾಪಿ ನ್ಯೂ ಇಯರ್’ (2017) ಚಿತ್ರಕ್ಕೆ ಸಂಗೀತ ನೀಡಿದರು. ಮಲಯಾಳದಲ್ಲಿ ಅಂಜಲಿ ಮೆನನ್ ನಿರ್ದೇಶನದ ‘ಕೂಡೆ’ (2018) ಚಿತ್ರದ ಸಂಯೋಜಕರಲ್ಲಿ ಅವರೂ ಒಬ್ಬರು. 2018ರ ಅಕ್ಟೋಬರ್‌ನಲ್ಲಿ ದೇಶದಲ್ಲಿ ಮೀ ಟೂ ಚಳವಳಿ ಎದ್ದಾಗ ಅವರ ಮೇಲೂ ಅನುಚಿತ ವರ್ತನೆಯ ಆರೋಪ ಬಂತು. ಅವರು ಸಾರ್ವಜನಿಕವಾಗಿ ಕ್ಷಮೆ ಕೇಳಿದರು. 2020ರಲ್ಲಿ ತೆರೆಕಂಡ ‘ಲವ್ ಮಾಕ್‌ಟೇಲ್’ ಚಿತ್ರದ ಹಾಡುಗಳು ಅವರನ್ನು ಹೊಸ ತಲೆಮಾರಿನ ಕೇಳುಗರಿಗೆ ಪರಿಚಯಿಸಿದವು.

ಇದೇ ಕಾಲದಲ್ಲಿ ಇದೇ ನೆಲದಿಂದ ಬಂದ ಇನ್ನೊಂದು ತಂಡ ‘ಸ್ವರಾತ್ಮ’. ವಾಸು ದೀಕ್ಷಿತ್ ಮುಖ್ಯ ಗಾಯಕರಾಗಿರುವ ಈ ತಂಡ 2006ರಲ್ಲಿ ರೇಡಿಯೋ ಸಿಟಿ ನಡೆಸಿದ ಸ್ಪರ್ಧೆಯಲ್ಲಿ ಗೆದ್ದು ಬೆಳಕಿಗೆ ಬಂತು. ಮೊದಲ ಆಲ್ಬಂ 2009ರಲ್ಲಿ, ‘ಟೋಪಿವಾಲೆ’ 2012ರಲ್ಲಿ ಬಂದವು. ಬಣ್ಣದ ಕುದುರೆವೇಷ, ಜಾತ್ರೆಯ ಗದ್ದಲ, ರಾಜಕೀಯ ವ್ಯಂಗ್ಯ ಅವರ ದಾರಿ. ರಘು ದೀಕ್ಷಿತ್ ಹಳೆಯ ಪದವನ್ನು ಹೊಸ ವಾದ್ಯಕ್ಕೆ ತಂದರೆ, ಸ್ವರಾತ್ಮ ಹೊಸ ವಿಷಯಗಳನ್ನು ಜನಪದದ ಮಟ್ಟಿಗೆ ತಂದಿತು. ಎರಡರಲ್ಲೂ ಕನ್ನಡದ ಜತೆ ಹಿಂದಿ ಇದೆ. ದೇಶದ ಕಾಲೇಜುಗಳ ಮಾರುಕಟ್ಟೆಗೆ ಹಿಂದಿ ಬೇಕೇ ಬೇಕು, ಕನ್ನಡವೊಂದನ್ನೇ ನೆಚ್ಚಿದರೆ ವರ್ಷವಿಡೀ ಕಛೇರಿ ಸಿಗುವುದು ಕಷ್ಟ ಎಂಬ ಲೆಕ್ಕ ಇದರ ಹಿಂದಿದೆ.

ಸಂಯೋಜಕನಾಗಿ ರಘು ದೀಕ್ಷಿತರ ಮಿತಿಗಳೂ ಸ್ಪಷ್ಟ. ಅವರ ಸ್ವಂತ ಸಾಹಿತ್ಯದ ಬಹುಭಾಗ ಪ್ರೇಮ, ವಿರಹ, ಬದುಕಿನ ಸಂಭ್ರಮಗಳ ಸುತ್ತ ತಿರುಗುತ್ತದೆ. ಕನ್ನಡದಲ್ಲಿ ಗಟ್ಟಿ ಮಾತು ಬೇಕಾದಾಗ ಅವರು ಶರೀಫರ ಬಳಿ ಹೋಗುತ್ತಾರೆ. ಕನ್ನಡದಲ್ಲೇ ಬರೆದು ಕನ್ನಡದಲ್ಲೇ ಪೂರ್ತಿ ಆಲ್ಬಂ ಹಾಡುವ ರಾಕ್ ಕವಿಯ ಜಾಗ ಹಾಗೆಯೇ ಉಳಿದಿದೆ. ಆದರೆ ಆ ಜಾಗಕ್ಕೆ ಬರುವವರಿಗೆ ಬೇಕಾದ ಮೂರು ಸಂಗತಿಗಳನ್ನು ಅವರ ವೃತ್ತಿಜೀವನ ರುಜುವಾತು ಮಾಡಿಟ್ಟಿದೆ: ಕನ್ನಡದ ಮಾತು ರಾಕ್ ಲಯಕ್ಕೆ ಬಾಗುತ್ತದೆ, ಭಜನೆಯ ಕಟ್ಟು ಮೈದಾನದ ವೇದಿಕೆಯನ್ನು ಹೊರಬಲ್ಲದು, ಭಾಷೆ ಗೊತ್ತಿಲ್ಲದ ಊರಿನಲ್ಲೂ ಅದಕ್ಕೆ ಕೇಳುಗರು ಸಿಗುತ್ತಾರೆ.